ಎಡಗಾಲಿಗೆ ಢಂ

ಶಾಲೆ ತೆರೆದು ಬ್ಯಾಂಡಿಗೆ ಹೆಸರು ಬರೆಸುವ ಹೊತ್ತಿಗೇ ಮಲೆನಾಡಿನಲ್ಲಿ ಮಳೆ ಹಿಡಿಯುತ್ತದೆ. ಆಗಸ್ಟ್ 15ಕ್ಕೆ ಮೈದಾನದಲ್ಲಿ ನಿಲ್ಲಬೇಕು. ಅಲ್ಲಿಯವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಬಿಸಿಲು ಕಂಡರೆ ಕಂಡೀತು. ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಉಳಿದ ದಿನ ಅಭ್ಯಾಸ ಶಾಲೆಯ ಜಗಲಿಯಲ್ಲಿ. ತಗಡಿನ ಮಾಡಿನ ಮೇಲೆ ಮಳೆ, ಗೋಡೆಯಾಚೆ ಏಳನೇ ತರಗತಿಯ ಗಣಿತ, ನಡುವೆ ಡ್ರಮ್ಮುಗಳು. ಮೊದಲು ಬಾಗಿಲು ಹಾಕಿಕೊಳ್ಳುವುದು ಗಣಿತದವರೇ.

ಹೊಸಬರೆಲ್ಲರ ಕಣ್ಣು ಬ್ಯೂಗಲ್ ಮೇಲೆ. ಹೊಳೆಯುತ್ತದಲ್ಲ! ಒತ್ತಲು ಗುಂಡಿಯಿಲ್ಲ, ಮುಚ್ಚಲು ತೂತಿಲ್ಲ, ಸುಲಭವೇ ಇರಬೇಕು ಎಂಬ ಲೆಕ್ಕಾಚಾರ. ಕಷ್ಟ ಇರುವುದೇ ಅಲ್ಲಿ. ನಾಲ್ಕೂವರೆ ಅಡಿಯಷ್ಟು ಉದ್ದದ ಕೊಳವೆಯನ್ನು ಸುತ್ತಿಟ್ಟಿದ್ದಾರೆ, ಅಷ್ಟೆ. ಅದು ಕೊಡುವ ಐದಾರು ಸ್ವರಗಳನ್ನು ತುಟಿಯೇ ಹುಡುಕಿಕೊಳ್ಳಬೇಕು. ಸುಮ್ಮನೆ ಊದಿದರೆ ಗಾಳಿ ಹೋಗುತ್ತದೆ, ಸದ್ದು ಬರುವುದಿಲ್ಲ. ತುಟಿಗಳನ್ನು ಕೂಡಿಸಿ, ಅಂಚು ಬಿಗಿಹಿಡಿದು, ಪ್ರ್ರ್ರ್ ಎಂದು ಅದುರಿಸಬೇಕು. ಮೊದಲ ವಾರ ಮೌತ್‌ಪೀಸ್ ಒಂದನ್ನೇ ಬಾಯಿಗಿಟ್ಟು ಇದನ್ನು ಸಾಧಿಸುವುದು ಲೇಸು, ಅದೂ ಕೊಟ್ಟಿಗೆಯಿಂದ ದೂರ. ಎಮ್ಮೆ ಉತ್ತರ ಕೊಡಲು ಶುರುಮಾಡಿದರೆ ಮನೆಯವರು ಅಭ್ಯಾಸ ಮುಂದುವರಿಸಲು ಬಿಡುವುದಿಲ್ಲ.

ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿದರೆ ಮೇಲಿನ ಸ್ವರ ಒಂದೆರಡು ಸಲ ಬರುತ್ತದೆ, ಸುಳ್ಳಲ್ಲ. ಆದರೆ ತುಟಿಗೆ ರಕ್ತ ಓಡದೆ ಮರಗಟ್ಟುತ್ತದೆ, ಬಾಯಿಯ ಸುತ್ತ ಕೆಂಪು ಉಂಗುರ ಬೀಳುತ್ತದೆ. ಐದು ನಿಮಿಷ ಊದಿ, ಐದು ನಿಮಿಷ ಬಿಡಿ.

ಮಳೆಗಾಲದಲ್ಲಿ ಬ್ಯೂಗಲ್ ಬೇಗ ಗೊರಗೊರ ಎನ್ನುತ್ತದೆ. "ಎಂಜಲು ಮಾರಾಯ, ಆಚೆ ಹಿಡಿ" ಎಂದು ಪಕ್ಕದವರು ಸರಿಯುತ್ತಾರೆ. ಅದರಲ್ಲಿ ಹೆಚ್ಚಿನದು ಎಂಜಲಲ್ಲ; ಬಿಸಿಯುಸಿರಿನ ಆವಿ ತಣ್ಣಗಿನ ಹಿತ್ತಾಳೆಗೆ ತಾಗಿ ಇಳಿದ ನೀರು. ನೀರು ಬಿಡುವ ಕೀಲಿ ಇಲ್ಲದ ಬ್ಯೂಗಲ್ ಆದರೆ ಮೌತ್‌ಪೀಸ್ ಕಳಚಿ, ಕೊಳವೆಯನ್ನು ತಿರುವಿ ತಿರುವಿ ಸುರಿಯಬೇಕು, ಎದುರು ನಿಂತವರ ಬಿಳಿ ಅಂಗಿ ನೋಡಿಕೊಂಡು. ಇನ್ನು, ಮೌತ್‌ಪೀಸಿನ ಮೇಲೆ ಅಂಗೈಯಿಂದ ಬಡಿದರೆ "ಪೊಕ್" ಎಂಬ ಚಂದದ ಸದ್ದು ಬರುತ್ತದೆಂದು ಪ್ರತಿ ವರ್ಷವೂ ಯಾರೋ ಒಬ್ಬ ಕಂಡುಹಿಡಿಯುತ್ತಾನೆ. ನಾಲ್ಕು ಸಲ ಪೊಕ್ ಎಂದಮೇಲೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಇಕ್ಕಳ ಹಿಡಿದು ಬರುವ ಅಪ್ಪಂದಿರನ್ನು ತಡೆಯಿರಿ. ತೆಳು ಹಿತ್ತಾಳೆ ಮೌತ್‌ಪೀಸಿಗಿಂತ ಮೊದಲೇ ತಿರುಚಿಕೊಳ್ಳುತ್ತದೆ. ಅದನ್ನು ಎಳೆಯಲೆಂದೇ ಸಲಕರಣೆಯಿದೆ, ವಾದ್ಯ ರಿಪೇರಿಯವರ ಹತ್ತಿರ ಸಿಗುತ್ತದೆ.

ಸೈಡ್ ಡ್ರಮ್ಮಿನವರ ಅಪಾಯ ಬೇರೆ ಜಾತಿಯದು. ಡೊಳ್ಳು ಕುಣಿತ ನೋಡುತ್ತ ಬೆಳೆದ ಸಾಗರ, ಸೊರಬದ ಮಕ್ಕಳಿಗೆ ಒಂದು ವಿದ್ಯೆ ಗೊತ್ತಿರುತ್ತದೆ: ಚರ್ಮ ಥಂಡಿ ಹಿಡಿದು ಸಡಿಲವಾದರೆ ಬೆಂಕಿಗೆ ಕಾಯಿಸಬೇಕು. ಆ ವಿದ್ಯೆಯನ್ನು ಬ್ಯಾಂಡಿಗೂ ತಂದು ಡ್ರಮ್ಮನ್ನು ಬಚ್ಚಲೊಲೆಯ ಮುಂದಿಡುತ್ತಾರೆ. ಈಗಿನ ಡ್ರಮ್ಮಿಗೆ ಹೆಚ್ಚಾಗಿ ಹಾಕಿರುವುದು ಪ್ಲಾಸ್ಟಿಕ್ ಹಾಳೆ. ಅದು ಥಂಡಿಗೆ ಜಗ್ಗುವುದಿಲ್ಲ, ಬೆಂಕಿ ಕಂಡರೆ ಮುದುರುತ್ತದೆ. ಸಡಿಲವಾಗಿದ್ದು ಸುತ್ತಲಿನ ತಿರುಪುಗಳು. ಅವನ್ನೂ ಸಾಲಾಗಿ ಬಿಗಿಸುತ್ತ ಹೋಗಬಾರದು. ಜೀಪಿನ ಚಕ್ರದ ನಟ್ಟು ಹಾಕಿದ ಹಾಗೆ ಎದುರುಬದುರು, ಒಂದೊಂದಕ್ಕೆ ಅರ್ಧ ಸುತ್ತು. ಇಲ್ಲದಿದ್ದರೆ ರಿಂಗ್ ಓರೆಯಾಗಿ, ಒಂದು ಬದಿ ಟಣ್ ಎಂದರೆ ಇನ್ನೊಂದು ಬದಿ ದೊಬ್ ಎನ್ನುತ್ತದೆ.

ಮನೆಗೆ ಡ್ರಮ್ ತರುವುದೇ ಬೇಡ. ಹಲಗೆಯ ತುಂಡಿಗೆ ಹಳೆ ಸೈಕಲ್ ಟ್ಯೂಬ್ ಹೊಡೆದುಕೊಂಡರೆ ಕೈಗೂ ಸಾಕು, ನೆರೆಯವರಿಗೂ ಕ್ಷೇಮ. ಕೋಲನ್ನು ಮುಷ್ಟಿಯಲ್ಲಿ ಹಿಡಿದರೆ ಪುಟಿಯುವುದಿಲ್ಲ. ಬುಡದಿಂದ ಮೂರನೇ ಒಂದು ಭಾಗ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಬೇಕು. ಗೋಡೆ ಗಡಿಯಾರದ ಒಂದು ಟಿಕ್ಕಿಗೆ ಒಂದು ಏಟಿನಂತೆ ಶುರುಮಾಡಿ. ಟಿಕ್ಕಿಗೆ ಎರಡಾದರೆ ನಿಮಿಷಕ್ಕೆ 120, ಅದೇ ಕವಾಯತಿನ ವೇಗ.

ತಾಳದ ತಟ್ಟೆಗಳನ್ನು ಚಪ್ಪಾಳೆಯಂತೆ ನೇರ ಬಡಿದರೆ ಗಾಳಿ ಒಳಗೇ ಸಿಕ್ಕಿ ಪುಸ್ಕ್ ಎನ್ನುತ್ತವೆ. ಒಂದು ಅಂಚು ಮೊದಲು ತಾಗಲಿ.

ಎಲ್ಲರೂ ಕಡೆಗಣಿಸುವ ಬೇಸ್ ಡ್ರಮ್ಮೇ ತಂಡದ ಹುಕುಂ. ಅದರ ಢಂ ಎಡಗಾಲಿಗೆ ಬೀಳಬೇಕು. ಹೊಡೆಯುವವನೇ ಬಲಗಾಲಲ್ಲಿದ್ದರೆ, ಅವನನ್ನು ನಂಬಿದ ಅರ್ಧ ತಂಡ ಕುಪ್ಪಳಿಸಿ ಕಾಲು ಬದಲಿಸುತ್ತದೆ. ಅಷ್ಟರಲ್ಲಿ ಅವನೂ ತಪ್ಪು ತಿಳಿದು ಬದಲಿಸಿರುತ್ತಾನೆ. ಹೊಟ್ಟೆಯ ಮೇಲೆ ಅಷ್ಟು ದೊಡ್ಡ ಡ್ರಮ್ ಹೊತ್ತವನಿಗೆ ತನ್ನ ಪಾದವೇ ಕಾಣುವುದಿಲ್ಲ, ಮೈದಾನದ ಕೆಸರುಗುಂಡಿ ಎಲ್ಲಿ ಕಾಣಬೇಕು? ಆ ಕೆಲಸಕ್ಕೆ ಎತ್ತರದವರನ್ನೇ ಹಾಕಿ.

ಪೂರ್ಣ ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಹೊಸ ತಂಡ ಗಾಬರಿಯಲ್ಲಿ ಅದಕ್ಕೂ ಮೊದಲೇ ಮುಗಿಸಿಬಿಡುತ್ತದೆ. ಕಾಲು ಹತ್ತುತ್ತಿರುವ ಇಂಬಳವೂ ಅದಕ್ಕೊಂದು ಕಾರಣ. ಸಾವಧಾನ್‌ನಲ್ಲಿ ನಿಂತವರು ಬಗ್ಗಿ ಕೀಳುವಂತಿಲ್ಲ. ಬೆಳಿಗ್ಗೆಯೇ ಕಾಲುಚೀಲದ ಅಂಚಿಗೆ ಉಪ್ಪು ಸವರಿಕೊಂಡು ಬನ್ನಿ.

ಗೀತೆ ಮುಗಿದ ಕೂಡಲೇ ಸೈಡ್ ಡ್ರಮ್ಮಿನ ಪಕ್ಕದ ಲಿವರ್ ಇಳಿಸಿ, ತಳದ ತಂತಿಗಳನ್ನು ಸಡಿಲಿಸಿ. ಮರೆತರೆ ಮೈಕಿನ ಸದ್ದಿಗೆ ಅವು ತಾವಾಗಿಯೇ ಅದುರುತ್ತವೆ. ಮುಖ್ಯ ಅತಿಥಿಗಳು "ಮಾನ್ಯರೇ" ಎಂದಾಗಲೆಲ್ಲ ಡ್ರಮ್ಮುಗಳ ಸಾಲು ಜ್ರ್ರ್ ಎಂದು ಅನುಮೋದಿಸುತ್ತದೆ. ಭಾಷಣ ಅರ್ಧ ಗಂಟೆ ದಾಟುವ ಲಕ್ಷಣ ಕಂಡರೆ ಮಾತ್ರ ಒಂದೆರಡು ಡ್ರಮ್ಮುಗಳ ಲಿವರ್ ಮೇಲಿದ್ದರೂ ಅಡ್ಡಿಯಿಲ್ಲ.