‘ಒಂಬತ್ತಕ್ಕೆ ಬಿತ್ತು’ ಅಂದರೆ ದಿನ ತುಂಬಿದಂತಲ್ಲ

ನಮ್ಮ ಹಿರಿಯರ ಲೆಕ್ಕ ಒಂಬತ್ತು ತಿಂಗಳಿಗೇ ನಿಲ್ಲುತ್ತಿರಲಿಲ್ಲ. ‘ಒಂಬತ್ತು ತಿಂಗಳು ಒಂಬತ್ತು ದಿನ’ ಎನ್ನುತ್ತಿದ್ದರು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಅದು ಸುಮಾರು 283 ದಿನ. ಹೆರಿಗೆ ವೈದ್ಯರು ಇಂದು ಹಿಡಿಯುವುದು 280 ದಿನ, ಅಂದರೆ 40 ವಾರ. ಎರಡಕ್ಕೂ ಮೂರೇ ದಿನದ ಅಂತರ. ಈಗ ಊರಿನಲ್ಲೂ ಅಮೆರಿಕದ ಕನ್ನಡಿಗರ ಮನೆಗಳಲ್ಲೂ ಕೇಳುವ ಮಾತು ಬೇರೆ: ‘ಒಂಬತ್ತಕ್ಕೆ ಬಿತ್ತು, ಇನ್ನು ಯಾವತ್ತಾದರೂ ಆಗಬಹುದು’. ಹಾಗೆ ಹೇಳುವಾಗ ಮನಸ್ಸಿನಲ್ಲಿರುವುದು 37 ವಾರ. ಅದು 259 ದಿನ, ಎಂಟೂವರೆ ತಿಂಗಳು. ತಾಯಿ, ಮಗು ಇಬ್ಬರೂ ಚೆನ್ನಾಗಿರುವಾಗ ಅಷ್ಟಕ್ಕೇ ಸಿಸೇರಿಯನ್‌ಗೆ ಡೇಟ್ ಹಾಕುವುದು, ನೋವು ಬರಿಸಲು ಡ್ರಿಪ್ ಏರಿಸುವುದು ತಪ್ಪು.

ಕೊನೆಯ ಆ ವಾರಗಳಲ್ಲಿ ಮಗು ಬರೀ ತೂಕ ಏರಿಸಿಕೊಳ್ಳುತ್ತಿರುವುದಿಲ್ಲ. ಶ್ವಾಸಕೋಶದೊಳಗಿನ ನೀರನ್ನು ಹೀರಿಕೊಳ್ಳುವ ಸಿದ್ಧತೆ, ಮೊಲೆ ಚೀಪಿ ನುಂಗುವ ಹದ, ಮೈಶಾಖ ಕಾಪಾಡಿಕೊಳ್ಳುವ ಕೊಬ್ಬು, ರಕ್ತದ ಸಕ್ಕರೆ ಹಿಡಿದಿಡುವ ಶಕ್ತಿ ಎಲ್ಲವೂ ಆಗ ಕೂಡಿಬರುತ್ತವೆ. ನೋವು ಶುರುವಾಗುವ ಮೊದಲೇ ಕೊಯ್ದು ತೆಗೆದರೆ ಹೆರಿಗೆ ನೋವಿನ ಹೊತ್ತಿನಲ್ಲಿ ಶ್ವಾಸಕೋಶದ ನೀರು ಇಂಗಿಸುವ ಹಾರ್ಮೋನುಗಳ ನೆರವೂ ಮಗುವಿಗೆ ಸಿಗುವುದಿಲ್ಲ. ಅಮೆರಿಕದ 19 ಆಸ್ಪತ್ರೆ ಕೇಂದ್ರಗಳಲ್ಲಿ ಮೊದಲೇ ದಿನ ಗೊತ್ತುಮಾಡಿ ನಡೆಸಿದ ಮರು-ಸಿಸೇರಿಯನ್‌ಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಶಿಶುಗಳಿಗೆ ತೊಂದರೆಯಾದ ಪ್ರಮಾಣ 37ನೇ ವಾರದಲ್ಲಿ ಶೇ 15.3, 38ರಲ್ಲಿ ಶೇ 11, 39ರಲ್ಲಿ ಶೇ 8. ಎರಡು ವಾರ ಕಾದಿದ್ದಕ್ಕೆ ತೊಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಈ ವಿಷಯದಲ್ಲಿ ಅಮೆರಿಕ ಮೊದಲಿನಿಂದಲೂ ಜಾಣತನ ತೋರಿತ್ತು ಎಂದೇನಲ್ಲ. ಆಸ್ಪತ್ರೆಗಳ ಗುಣಮಟ್ಟ ಪ್ರಕಟಿಸುವ ಲೀಪ್‌ಫ್ರಾಗ್ ಸಂಸ್ಥೆ 2010ರಲ್ಲಿ ಮೊದಲ ಸಲ ಅಂಕಿ ಬಿಟ್ಟಾಗ ಕಾರಣವಿಲ್ಲದೆ 39 ವಾರಕ್ಕೆ ಮೊದಲೇ ಮಾಡಿಸಿದ ಇಂಥ ಹೆರಿಗೆಗಳ ಸರಾಸರಿ ಶೇ 17 ಇತ್ತು. 2013ರ ಹೊತ್ತಿಗೆ ಶೇ 4.6. ಇಳಿದದ್ದು ಹೇಗೆ ಎನ್ನುವುದೇ ನಾವು ನೋಡಬೇಕಾದದ್ದು. 14 ರಾಜ್ಯಗಳ 27 ಆಸ್ಪತ್ರೆಗಳಲ್ಲಿ ಮೂರು ದಾರಿಗಳನ್ನು ಹೋಲಿಸಿ 2010ರಲ್ಲಿ ಫಲಿತಾಂಶ ಬರೆದಿಟ್ಟಿದ್ದಾರೆ. ವೈದ್ಯರಿಗೆ ತಿಳಿವಳಿಕೆ ಮಾತ್ರ ಕೊಟ್ಟ ಕಡೆ ಪ್ರಮಾಣ ಶೇ 10.9ರಿಂದ 6ಕ್ಕೆ ಬಂತು. 39 ವಾರಕ್ಕೆ ಮೊದಲು ಬೇಡ ಎಂಬ ನಿಯಮವನ್ನು ವೈದ್ಯರೇ ಪಾಲಿಸಲಿ, ಮೀರಿದರೆ ಆಮೇಲೆ ಪರಿಶೀಲಿಸೋಣ ಎಂದ ಕಡೆ 8.4ರಿಂದ 3.3ಕ್ಕೆ. ಡೇಟ್ ಬರೆದುಕೊಳ್ಳುವ ಸಿಬ್ಬಂದಿಗೇ ‘ಆಗುವುದಿಲ್ಲ’ ಎನ್ನುವ ಅಧಿಕಾರ ಕೊಟ್ಟ ಕಡೆ 8.2ರಿಂದ 1.7ಕ್ಕೆ. ಬುದ್ಧಿ ಹೇಳುವುದಕ್ಕೂ ಬಾಗಿಲು ಹಾಕುವುದಕ್ಕೂ ಇರುವ ಅಂತರ ಅದು.

ಬಾಗಿಲು ಹಾಕುವ ಕೆಲಸಕ್ಕೆ ಒಂದು ಹಾಳೆ ಸಾಕು. ಡ್ಯೂ ಡೇಟ್ ಎಷ್ಟು, ಅದು ಯಾವ ಆಧಾರದ ಮೇಲೆ, ಕೇಳಿದ ದಿನಕ್ಕೆ ಎಷ್ಟು ವಾರ ಎಷ್ಟು ದಿನ, ಕಾರಣವೇನು, ನೋವು ಬರಿಸುವುದಾದರೆ ಗರ್ಭಕಂಠ ಹೆರಿಗೆಗೆ ಎಷ್ಟು ಹದವಾಗಿದೆ ಎಂದು ಹೇಳುವ ಬಿಷಪ್ ಅಂಕ ಎಷ್ಟು. 39 ವಾರ ತುಂಬಿರದೆ, ಒಪ್ಪಿತ ಕಾರಣಗಳ ಪಟ್ಟಿಯಲ್ಲಿ ಕಾರಣವೂ ಇಲ್ಲದಿದ್ದರೆ ನರ್ಸ್ ಹಾಳೆಯನ್ನು ವಾಪಸ್ ಕೊಡುತ್ತಾರೆ. ವೈದ್ಯರು ಪಟ್ಟು ಹಿಡಿದರೆ ವಿಭಾಗದ ಮುಖ್ಯಸ್ಥರು ಮಾತಾಡುತ್ತಾರೆ, ನರ್ಸ್ ಅಲ್ಲ. ಈ ಕೊನೆಯ ಏರ್ಪಾಡು ಇಲ್ಲದ ಕಡೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಹಿರಿಯ ವೈದ್ಯರ ಎದುರು ನರ್ಸ್ ಒಬ್ಬರೇ ಎಷ್ಟು ದಿನ ನಿಂತಾರು? ಇನ್ನೊಂದು ಕಡೆಯಿಂದ ಹಣವೂ ಬಿಗಿಯಾಯಿತು: 2011ರಲ್ಲಿ ಟೆಕ್ಸಾಸ್‌ನ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ), ಕಾರಣವಿಲ್ಲದೆ 39 ವಾರದೊಳಗೆ ಮಾಡಿಸಿದ ಹೆರಿಗೆಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿತು.

ನಮ್ಮೂರಿಗೆ ಇದನ್ನು ಹಾಗೇ ತಂದು ಹೊಂದಿಸಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆ ಸಿಸೇರಿಯನ್. ತಾಲ್ಲೂಕು ಊರಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರೇ ಮಾಲೀಕರು, ಅವರ ಮೇಲೆ ಮುಖ್ಯಸ್ಥರಿಲ್ಲ. ಅರಿವಳಿಕೆ ಡಾಕ್ಟರು ಹೊರಗಿನಿಂದ ಬರುವವರು, ಅವರು ಬರುವ ದಿನಕ್ಕೇ ಕೇಸುಗಳು ಗುಂಪಾಗುತ್ತವೆ. ಜೊತೆಗೆ ಮುಹೂರ್ತ: ಮೂಲಾ ಬೇಡ, ಆಶ್ಲೇಷ ಬೇಡ, ಅಮಾವಾಸ್ಯೆ ಬೇಡ. ನಂಬಿಕೆಯ ಜೊತೆ ಜಗಳಕ್ಕೆ ಇಳಿದು ಪ್ರಯೋಜನವಿಲ್ಲ. ಜೋಯಿಸರ ಮುಂದೆ ಇಡುವ ದಿನಗಳು ಮಾತ್ರ 39 ವಾರ ತುಂಬಿದ ದಿನದಿಂದ ಆಚೆಗಿನ ಏಳು ದಿನಗಳಾಗಿರಲಿ. ಆ ಏಳರಲ್ಲಿ ಒಳ್ಳೆಯ ಗಳಿಗೆ ಒಂದಾದರೂ ಸಿಕ್ಕೇ ಸಿಗುತ್ತದೆ. ಇಲ್ಲಿ ಅಮೆರಿಕದಲ್ಲೂ ನಮ್ಮವರು ಬಾಣಂತನಕ್ಕೆ ಬರುವ ಅಮ್ಮನ ವಿಮಾನದ ಟಿಕೆಟ್ ನೋಡಿಕೊಂಡು ಬೇಗ ಡೇಟ್ ಕೊಡಿ ಎಂದು ಡಾಕ್ಟರನ್ನು ಕೇಳುತ್ತಾರೆ, ಇಲ್ಲ ಎನ್ನಿಸಿಕೊಂಡು ಮುನಿಸಿಕೊಳ್ಳುತ್ತಾರೆ.

ಮುಖ್ಯಸ್ಥರಿಲ್ಲದ ಕಡೆ ಎರಡನೇ ಸಹಿ ಅರಿವಳಿಕೆ ಡಾಕ್ಟರದಾಗಲಿ ಎಂಬುದು ನನ್ನ ಅಭಿಪ್ರಾಯ. ಹೊಟ್ಟೆ ಖಾಲಿಯಿದೆಯೇ ಎಂದು ಕೇಳದೆ ಅವರು ಸೂಜಿ ಮುಟ್ಟುವುದಿಲ್ಲ. ತುರ್ತಿಲ್ಲದ ಸಿಸೇರಿಯನ್‌ಗೆ ಎಷ್ಟು ವಾರ ಎಂದೂ ಅದೇ ಉಸಿರಿನಲ್ಲಿ ಕೇಳಬಹುದು, ಅದೂ ಹಿಂದಿನ ದಿನ ಫೋನಿನಲ್ಲೇ. ಟೇಬಲ್ ಮೇಲೆ ಮಲಗಿಸಿದ ಮೇಲೆ ಕೇಳಿದರೆ ಯಾರೂ ಹಿಂದೆ ಸರಿಯುವುದಿಲ್ಲ.

ಆದರೆ ವಾರದ ಲೆಕ್ಕವೇ ತಪ್ಪಿದ್ದರೆ ಯಾವ ಸಹಿಯೂ ಉಪಯೋಗಕ್ಕೆ ಬಾರದು, ನಮ್ಮಲ್ಲಿ ಹೆಚ್ಚು ಎಡವುವುದೂ ಇಲ್ಲೇ. 14 ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ಲೆಕ್ಕ ಹೆಚ್ಚೆಂದರೆ ಐದರಿಂದ ಏಳು ದಿನ ಹಿಂದೆ ಮುಂದೆ. ಮುಟ್ಟಿನ ಲೆಕ್ಕಕ್ಕೂ ಇದಕ್ಕೂ 9 ವಾರದೊಳಗೆ 5 ದಿನಕ್ಕಿಂತ, ಆಮೇಲೆ 7 ದಿನಕ್ಕಿಂತ ಹೆಚ್ಚು ಅಂತರ ಬಂದರೆ ಸ್ಕ್ಯಾನಿಂಗ್ ತಾರೀಖನ್ನು ಹಿಡಿಯಬೇಕು. ಒಮ್ಮೆ ಹಿಡಿದದ್ದನ್ನು ಮತ್ತೆ ಬದಲಿಸಬಾರದು. ಒಂಬತ್ತನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ಒಂದು ಡ್ಯೂ ಡೇಟ್ ಅಚ್ಚಾಗಿರುತ್ತದೆ, ಅದು ಮೂರು ವಾರ ಅತ್ತಿತ್ತ ಇರಬಹುದು. ದೊಡ್ಡ ಗಾತ್ರದ ಮಗುವಿಗೆ ‘38 ವಾರ’ ಎಂದು ಯಂತ್ರ ಬರೆದರೆ, ನಿಜವಾಗಿ 36 ಇದ್ದೀತು. ತಾಯಿ ಕಾರ್ಡಿನ ಮೇಲೆ ಡ್ಯೂ ಡೇಟಿನ ಪಕ್ಕದಲ್ಲೇ ಇನ್ನೊಂದು ತಾರೀಖು ದಪ್ಪಕ್ಷರದಲ್ಲಿ ಇರಬೇಕು: ಡ್ಯೂ ಡೇಟಿನಿಂದ ಏಳು ದಿನ ಹಿಂದಿನದು, 39 ವಾರ ತುಂಬುವ ದಿನ. ಅದನ್ನು ಆಶಾ ಕಾರ್ಯಕರ್ತೆಯೇ ಬರೆಯಬಹುದು.

ಇದರ ಅರ್ಥ ಎಲ್ಲರೂ ಕಾಯಬೇಕು ಎಂದಲ್ಲ. ಬಸಿರಿನ ಕಾರಣದಿಂದಲೇ ಬಿಪಿ ಏರಿದ್ದರೆ 37ಕ್ಕೆ ಹೆರಿಗೆ ಮಾಡಿಸುವುದೇ ಸರಿ, ಸ್ಥಿತಿ ಬಿಗಡಾಯಿಸಿದರೆ ಇನ್ನೂ ಮೊದಲು. ಮಾಸು ಗರ್ಭಕಂಠಕ್ಕೆ ಅಡ್ಡ ಬಂದಿದ್ದರೆ 36–37ರಲ್ಲಿ. ನೀರು ಒಡೆದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ, ಸಕ್ಕರೆ ಹತೋಟಿಗೆ ಬಾರದಿದ್ದರೆ ಪಟ್ಟಿಯಲ್ಲಿ ಅವಕ್ಕೆ ಜಾಗವಿದೆ. ‘ಮಗು ದೊಡ್ಡದಿದೆ’ ಎಂಬ ಅನುಮಾನಕ್ಕೆ ಜಾಗವಿಲ್ಲ. ಹಾಗೆಯೇ 39 ದಾಟಿದ ಮೇಲೆ ನೋವು ಬರಿಸಿಕೊಳ್ಳುವುದು ತಪ್ಪಲ್ಲ. 2018ರಲ್ಲಿ ಪ್ರಕಟವಾದ ‘ಅರೈವ್’ ಎಂಬ ಅಮೆರಿಕದ ಪ್ರಯೋಗದಲ್ಲಿ ತೊಡಕಿಲ್ಲದ ಚೊಚ್ಚಲ ಗರ್ಭಿಣಿಯರಿಗೆ 39ರಲ್ಲಿ ನೋವು ಬರಿಸಿದಾಗ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2.

ನಿಯಮ ತಂದ ಮೇಲೆ ಪ್ರತಿ ತಿಂಗಳೂ ಎಣಿಸಬೇಕಾದದ್ದು ಎರಡು. 37ರಿಂದ 38 ವಾರ 6 ದಿನದೊಳಗಿನ ಹೆರಿಗೆಗಳಲ್ಲಿ ಕಾರಣವಿಲ್ಲದೆ ಮಾಡಿಸಿದವು ಎಷ್ಟು, ಅದೇ ಅವಧಿಯಲ್ಲಿ ಹೊಟ್ಟೆಯಲ್ಲೇ ತೀರಿಕೊಂಡ ಶಿಶುಗಳು ಎಷ್ಟು. ಎರಡನೆಯದನ್ನು ಎಣಿಸದಿದ್ದರೆ ‘ಕಾಯಿಸಿ ಮಗು ಕಳೆದಿರಿ’ ಎಂಬ ಮಾತಿಗೆ ಆಸ್ಪತ್ರೆಯ ಬಳಿ ಉತ್ತರ ಇರುವುದಿಲ್ಲ. ಮೊದಲನೆಯದು ಇಳಿಯುತ್ತಾ ‘ಮಗುವಿನ ಸುತ್ತ ನೀರು ಕಡಿಮೆ’ ಎಂಬ ಕಾರಣ ಮಾತ್ರ ಏರುತ್ತಾ ಹೋದರೆ, ಆ ಕೇಸುಗಳ ಸ್ಕ್ಯಾನಿಂಗ್ ರಿಪೋರ್ಟುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.