ಎಚ್-ಇಂಡೆಕ್ಸಿನ ಆಯೇರಿ

ಶೇಕಡಾ ಎರಡರ ಸುಗ್ಗಿ ಮತ್ತೆ ಬಂತು ನೋಡ್ರಿ. 'ವಿಶ್ವದ ಟಾಪ್ ಶೇ 2 ವಿಜ್ಞಾನಿಗಳಲ್ಲಿ ನಮ್ಮ ಸರ್' ಎಂಬ ಫ್ಲೆಕ್ಸು ಕಲಬುರಗಿಯ ಸರ್ಕಲ್ಲಿನಲ್ಲಿ ಕಾರ್ಪೊರೇಟರರ ಹುಟ್ಟುಹಬ್ಬದ ಫ್ಲೆಕ್ಸಿಗೆ ಭುಜ ತಾಗಿಸಿ ನಿಂತಿದೆ. ಸಂತೋಷವೇ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ತಂಡ ಸ್ಕೋಪಸ್ ಎಂಬ ಸಂಶೋಧನಾ ಪೇಪರುಗಳ ದತ್ತಕೋಶದ ಲೆಕ್ಕದಿಂದ ಮಾಡುವ ಆ ಪಟ್ಟಿಯಲ್ಲಿ, ತನ್ನ ಹಳೆಯ ಪೇಪರನ್ನು ತಾನೇ ಸೈಟ್ ಮಾಡಿಕೊಂಡಿದ್ದನ್ನು, ಅಂದರೆ ಉಲ್ಲೇಖಿಸಿಕೊಂಡಿದ್ದನ್ನು, ಕಳೆದರೆ ಎಷ್ಟನೇ ಸ್ಥಾನ ಎಂಬ ಕಾಲಮ್ಮೂ ಇದೆ. ಫ್ಲೆಕ್ಸಿನಲ್ಲಿ ಅದಕ್ಕೆ ಜಾಗ ಸಾಲದು, ಪಾಪ. ಶಾಸಕರ ಫೋಟೊ ಬರಬೇಕಲ್ಲ.

ಕೆಳಗೆ ದಪ್ಪಕ್ಷರದಲ್ಲಿ ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಲೆಕ್ಕ. ಇಂಡೆಕ್ಸ್ 4 ಆಗಬೇಕಾದರೆ ಕನಿಷ್ಠ ನಾಲ್ಕು ಪೇಪರಿಗೆ ತಲಾ ನಾಲ್ಕಾದರೂ ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಬಂದಿರಬೇಕು; 3 ಆಗಲು ಮೂರಕ್ಕೆ ತಲಾ ಮೂರು. ಐದು ಪೇಪರಿಗೆ 50, 9, 4, 3, 1 ಸೈಟೇಶನ್ ಬಂದಿವೆ ಅನ್ನಿ. ನಾಲ್ಕು ಸಲವಾದರೂ ಸೈಟ್ ಆದ ಪೇಪರು ನಾಲ್ಕಿಲ್ಲ, ಮೂರೇ. ಹಾಗಾಗಿ ಇಂಡೆಕ್ಸ್ 3. ಐವತ್ತರದ್ದಕ್ಕೆ ಇನ್ನೂ ಐನೂರು ಬಂದರೂ ಈ 3 ಅಲುಗುವುದಿಲ್ಲ. ನಾಲ್ಕನೆಯ ಬಡಪಾಯಿ ಪೇಪರಿಗೆ ಗೆಳೆಯನೊಬ್ಬ ಒಂದೇ ಒಂದು ಸೈಟೇಶನ್ ಹಾಕಿದನೋ, ಇಂಡೆಕ್ಸ್ 4! ನೀರು ಯಾವ ಸಾಲಿಗೆ ಬಿಡಬೇಕು ಎಂದು ಬಲ್ಲವನೇ ಬಲ್ಲ.

ನೀನು ನನ್ನದನ್ನು ಸೈಟ್ ಮಾಡು, ನಾನು ನಿನ್ನದನ್ನು ಎಂಬ ಈ ಕೊಡು-ಕೊಳ್ಳುವಿಕೆಗಿಂತ ನಮ್ಮ ಕಡೆಯ ಆಯೇರಿ, ಅಂದರೆ ಮದುವೆಯ ಉಡುಗೊರೆ, ಪ್ರಾಮಾಣಿಕ. ಯಾರು ಸೀರೆ ತಂದರು, ಯಾರು ಟಾವೆಲ್-ಟೊಪಗಿ ತಂದರು ಎಂದು ವಹಿಯಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟೇ ತೂಕದ್ದು ಒಯ್ಯುತ್ತಾರೆ. ಅದನ್ನು ಯಾರೂ 'ಜಾಗತಿಕ ಪ್ರಭಾವ' ಅನ್ನುವುದಿಲ್ಲ.

ಸೈಟ್ ಆಗಲು ಮೊದಲು ಪೇಪರ್ ಬೇಕಲ್ಲ, ಅದಕ್ಕೆ ದಾಲ್ ಮಿಲ್ಲಿನ ಕಡೆ ಹೋಗೋಣ. ತೊಗರಿಯನ್ನು ಹಸನು ಮಾಡಿ, ರೋಲರಿಗೆ ಕೊಟ್ಟು ಸಿಪ್ಪೆಗೆ ಗೀರು ಹಾಕಿಸಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ, ನೀರು ಚಿಮುಕಿಸಿ ರಾತ್ರಿ ಗುಡ್ಡೆ ಹಾಕಿ, ಮತ್ತೆ ರೋಲರಿಗೆ ಕೊಡುತ್ತಾರೆ. ಇಷ್ಟು ಮಾಡಿದರೂ ಒಂದು ಕಾಳಿಗೆ ಎರಡೇ ಬೇಳೆ. ಕ್ವಿಂಟಲ್ ತೊಗರಿ ಹಾಕಿದರೆ ಎಪ್ಪತ್ತು-ಎಪ್ಪತ್ತೈದು ಕಿಲೋ ಬೇಳೆ ಕೈಗೆ ಬಂದೀತು, ಉಳಿದ ಹೊಟ್ಟು-ಚುನ್ನಿ ದನಕ್ಕೆ. ನಮ್ಮ ಪೇಪರ್ ಮಿಲ್ಲಿನ ತಂತ್ರಜ್ಞಾನವೇ ಬೇರೆ. ನೂರು ಗರ್ಭಿಣಿಯರ ರಕ್ತಹೀನತೆಯ ಮೇಲೆ ಪಿಜಿ ಹುಡುಗ ಥೀಸಿಸ್ ಮಾಡಿದನೆಂದರೆ ಹಿಮೋಗ್ಲೋಬಿನ್ ಒಂದು ಪೇಪರ್, ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಇನ್ನೊಂದು, ವಯಸ್ಸಿನ ಪ್ರಕಾರ ಮತ್ತೊಂದು, ತಾಲ್ಲೂಕಿನ ಪ್ರಕಾರ ಮಗದೊಂದು. ಹೊಟ್ಟೂ ಅಚ್ಚಾಗುತ್ತದೆ. ಐದನೆಯದು ಮೊದಲ ನಾಲ್ಕನ್ನೂ ಸೈಟ್ ಮಾಡುತ್ತದೆ. ಹುಡುಗನ ಹೆಸರು ಮಾತ್ರ ಒಂದೊಂದು ಪೇಪರಿಗೂ ಒಂದೊಂದು ಸ್ಥಾನ ಹಿಂದೆ ಸರಿಯುತ್ತಾ ಹೋಗುತ್ತದೆ.

ಬರೆಯಲೂ ಬೇಸರವಾದವರು ಬೇರೆಯವರ ಪೇಪರನ್ನು ಸಾಫ್ಟ್‌ವೇರಿಗೆ ಕೊಟ್ಟು ಪದ ಬದಲಿಸುತ್ತಾರೆ, ಕೃತಿಚೌರ್ಯ ಸಿಕ್ಕಿಬೀಳಬಾರದಲ್ಲ. ಹಾಗೆ 'ಬ್ರೆಸ್ಟ್ ಕ್ಯಾನ್ಸರ್' ಹೋಗಿ 'ಬೋಸಮ್ ಪೆರಿಲ್' ಆದದ್ದುಂಟು, ಅಂದರೆ ಎದೆಯ ಗಂಡಾಂತರ. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಇಂಥ ಪದಗಳ ರಾಶಿಯನ್ನೇ ಹೆಕ್ಕಿ ತೋರಿಸಿದರು. ಹಿಂದಾವಿ ಎಂಬ ಪ್ರಕಾಶನ 2023ರಲ್ಲಿ ಒಂದೇ ವರ್ಷದಲ್ಲಿ 8,000ಕ್ಕೂ ಹೆಚ್ಚು ಪೇಪರುಗಳನ್ನು ನಂಬಲು ಬಾರದವೆಂದು ಹಿಂತೆಗೆದುಕೊಂಡಿತು. ಹಿಂತೆಗೆದ ಪೇಪರಿಗೂ ಸೈಟೇಶನ್ ಬರುತ್ತಲೇ ಇರುತ್ತದೆ. ಸತ್ತವರ ಹೆಸರಿಗೆ ರೇಷನ್ ಬಂದ ಹಾಗೆ.

ನಕ್ಕದ್ದು ಸಾಕು. ವಾಂತಿ ನಿಲ್ಲಿಸುವ ಒಂಡನ್ಸೆಟ್ರಾನ್ ಮೇಲಿನ ಪ್ರಯೋಗಗಳನ್ನು 1997ರಲ್ಲಿ ಜಾಲಾಡಿದವರಿಗೆ, ಅದೇ ರೋಗಿಗಳ ಲೆಕ್ಕ ಬೇರೆ ಬೇರೆ ಪೇಪರುಗಳಲ್ಲಿ ಮತ್ತೆ ಮತ್ತೆ ಸಿಕ್ಕಿತು. ಆ ನಕಲುಗಳನ್ನೂ ಕೂಡಿಸಿದರೆ ಔಷಧದ ಗುಣ ಶೇ 23ರಷ್ಟು ಹೆಚ್ಚಾಗಿ ಕಾಣುತ್ತಿತ್ತು. ಮಾತ್ರೆ ಬರೆಯುವ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಇತ್ತ ಅಫಜಲಪುರದ ಬಸ್ಸಿಳಿದು ಬಂದ ಗರ್ಭಿಣಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ರಕ್ತ ಕೊಟ್ಟಳು. ಹಿಮೋಗ್ಲೋಬಿನ್ ಬರೀ 7. ಐದು ಪೇಪರುಗಳ ಐದು ಟೇಬಲ್ಲುಗಳಲ್ಲಿ ಅವಳಿದ್ದಾಳೆ. ಅವಳಿಗೆ ಕಬ್ಬಿಣದ ಮಾತ್ರೆ ಮೂರು ತಿಂಗಳು ತಪ್ಪದೆ ಸಿಕ್ಕಿತೇ, ಹೆರಿಗೆ ಸುಸೂತ್ರವಾಯಿತೇ? ಯಾವ ಫಾರ್ಮಿನಲ್ಲೂ ಆ ಕಾಲಂ ಇಲ್ಲ. ಬಡ್ತಿಯ ಫಾರ್ಮು ಕೇಳುವುದು ಪೇಪರ್ ಎಷ್ಟು ಅಂತ. ಕೇಳಿದ್ದನ್ನು ಜನ ಕೊಡುತ್ತಾರೆ.

ಇನ್ನು ಲ್ಯಾರಿಯ ವಿಷಯ. 2024ರಲ್ಲಿ ಇಬ್ಬರು ಸಂಶೋಧಕರು ತಮ್ಮಲ್ಲೊಬ್ಬರ ಅಜ್ಜಿಯ ಬೆಕ್ಕಿನ ಹೆಸರಲ್ಲಿ ಅರ್ಥವಿಲ್ಲದ ಪೇಪರುಗಳನ್ನು ಹುಟ್ಟಿಸಿ, ಅವನ್ನು ಸೈಟ್ ಮಾಡಲೆಂದೇ ಇನ್ನಷ್ಟನ್ನು ಹುಟ್ಟಿಸಿ ಇಂಟರ್ನೆಟ್ಟಿಗೆ ಏರಿಸಿದರು. ಗೂಗಲ್ ಸ್ಕಾಲರ್ ಎಲ್ಲವನ್ನೂ ಎಣಿಸಿತು. ಲ್ಯಾರಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಟೇಶನ್ ಪಡೆದ ಬೆಕ್ಕಾಯಿತು. ನಮ್ಮಲ್ಲಿಗೆ ಕರೆಸಿ ಸನ್ಮಾನ ಮಾಡಬಹುದು, ಖರ್ಚೂ ಕಡಿಮೆ. ಶಾಲು ಬೇಡ, ಹಾಲು ಸಾಕು.