ಇಲಿಗೆ ಲೆಕ್ಕ ಉಂಟು ಮಾರಾಯ್ರೆ

ನಾನು ಲೆಕ್ಕ ಬರೆಯುವವನು. ಮಾಟುಂಗಾದಿಂದ ಸಯನ್‌ವರೆಗೆ ನಮ್ಮೂರಿನವರ ಆರು ಹೋಟೆಲ್‌ಗಳಿವೆ. ಸಂಜೆ ಒಂದೊಂದಕ್ಕೂ ಹೋಗಿ, ಗಲ್ಲಾದ ಪಕ್ಕ ಸ್ಟೂಲ್ ಹಾಕಿಕೊಂಡು ಅವತ್ತಿನ ಜಮಾ-ಖರ್ಚು ಬರೆಯುತ್ತೇನೆ. ಇಡ್ಲಿಗೆ ಶೇಕಡಾ 5 ಜಿಎಸ್‌ಟಿ, ಹಾಲಿನವನಿಗೆ ಬಾಕಿ ಎಷ್ಟು, ಒಡೆದ ಗ್ಲಾಸು ಎಷ್ಟು, ಎಲ್ಲ. ಐದು ರೂಪಾಯಿ ತಾಳೆ ಆಗದಿದ್ದರೆ ಶೆಟ್ಟರು ನನ್ನನ್ನು ಮನೆಗೆ ಬಿಡುವುದಿಲ್ಲ. ಕೊನೆಯ ಲೋಕಲ್ ಹೋದರೂ ಸರಿ.

ಲೆಕ್ಕದವನಿಗೆ ಲೆಕ್ಕ ಇಟ್ಟವರನ್ನು ಕಂಡರೆ ಗೌರವ. ಈ ಮುಂಬೈಯಲ್ಲಿ ನಾನು ಕೈಮುಗಿಯುವ ಸರ್ಕಾರಿ ಲೆಕ್ಕ ಒಂದೇ ಒಂದು. ಇಲಿಯ ಲೆಕ್ಕ.

ಹಾಸ್ಯ ಅಲ್ಲ. ನಮ್ಮ ಮಹಾನಗರ ಪಾಲಿಕೆಯಲ್ಲಿ ‘ನೈಟ್ ರ್‍ಯಾಟ್ ಕಿಲ್ಲರ್’ ಎಂಬ ಹುದ್ದೆಯೇ ಇದೆ. ಊರು ಮಲಗಿದ ಮೇಲೆ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಗಟಾರದ ಸಂದಿಗಳಲ್ಲಿ ಓಡಾಡುವ ಕೆಲಸ. ಒಬ್ಬನಿಗೆ ರಾತ್ರಿಗೆ 30 ಇಲಿ. ಬೆಳಿಗ್ಗೆ ಚೀಲ ತಂದು ಸುರಿಯಬೇಕು, ಸಾಹೇಬರ ಎದುರು ಎಣಿಸಬೇಕು. 28 ಇದ್ದರೆ ಕೂಲಿಗೆ ಕತ್ತರಿ. ‘ರಾತ್ರಿ ಮಳೆ ಇತ್ತು’ ಅಂದರೆ ನಡೆಯುವುದಿಲ್ಲ. ‘ಎರಡು ಇಲಿ ಸದುದ್ದೇಶದಿಂದ ತಪ್ಪಿಸಿಕೊಂಡವು’ ಅಂದರೂ ನಡೆಯುವುದಿಲ್ಲ. ಬಾಲ ಎಲ್ಲಿ? ಬಾಲ ಇದ್ದರೆ ಕಾಸು.

ಇಷ್ಟು ಚೊಕ್ಕ ಲೆಕ್ಕ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಒಂದು ವಿಷಯ ಗಮನಿಸಿದ್ದೇನೆ. ಇಲಿ ಗಟಾರ ಬಿಟ್ಟು ಮೇಲಕ್ಕೆ ಹೋದಂತೆಲ್ಲ ಲೆಕ್ಕ ಸಡಿಲವಾಗುತ್ತದೆ.

ನರಿಮನ್ ಪಾಯಿಂಟ್ ಹತ್ತಿರ ಮಂತ್ರಾಲಯ ಇದೆಯಲ್ಲ, ರಾಜ್ಯ ಸರ್ಕಾರದ ಸಚಿವಾಲಯ. 2016ರಲ್ಲಿ ಅಲ್ಲಿ ಇಲಿ ಕಾಟ ಜಾಸ್ತಿಯಾಗಿ ಗುತ್ತಿಗೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಏಕನಾಥ್ ಖಡ್ಸೆ ವಿಧಾನಸಭೆಯಲ್ಲಿ ಎದ್ದು ನಿಂತು, ಏಳು ದಿನದಲ್ಲಿ 3,19,400 ಇಲಿ ಕೊಂದರಂತೆ, ಇದು ಹೇಗೆ ಸಾಧ್ಯ ಅಂತ ಕೇಳಿದರು. ವಿರೋಧ ಪಕ್ಷದವರಲ್ಲ, ಆಗ ಆಡಳಿತ ಪಕ್ಷದವರೇ. ನಾನು ಆ ರಾತ್ರಿ ಕ್ಯಾಲ್ಕುಲೇಟರ್ ತೆಗೆದು ಕೂತೆ. ದಿನಕ್ಕೆ 45,628 ಇಲಿ. ಮಿನಿಟಿಗೆ 31ಕ್ಕೂ ಹೆಚ್ಚು. ಏಳು ದಿನಕ್ಕೆ ಹಂಚಿದ ಮೇಲೂ ನಾಲ್ಕು ಇಲಿ ಉಳಿಯುತ್ತವೆ. ಆ ನಾಲ್ಕನ್ನು ಯಾವ ದಿನದ ಖಾತೆಗೆ ಹಾಕುವುದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಕೋಲಿನವನಿಗೆ ಈ ಕೆಲಸ ಕೊಟ್ಟಿದ್ದರೆ, ರಾತ್ರಿಗೆ 30ರಂತೆ, ಒಂದೂ ರಜೆ ಇಲ್ಲದೆ 29 ವರ್ಷ ಬೇಕಿತ್ತು. ಪಿಂಚಣಿ ವಯಸ್ಸು ಬರುತ್ತಿತ್ತು.

ಆಮೇಲೆ ಸರ್ಕಾರ ಸ್ಪಷ್ಟನೆ ಕೊಟ್ಟಿತು. 3,19,400 ಎನ್ನುವುದು ಸತ್ತ ಇಲಿಯ ಸಂಖ್ಯೆ ಅಲ್ಲವಂತೆ, ಇಟ್ಟ ಇಲಿ ಪಾಷಾಣದ ಮಾತ್ರೆಯ ಸಂಖ್ಯೆಯಂತೆ. ಒಳ್ಳೆಯದೇ ಆಯಿತು. ಸರ್ಕಾರಿ ಕಟ್ಟಡವೊಂದರಲ್ಲಿ ಮೂರು ಲಕ್ಷ ಮಾತ್ರೆ ಸ್ಟಾಕ್ ಇತ್ತು, ಎಲ್ಲರಿಗೂ ಸಿಕ್ಕಿತು, ಯಾರಿಗೂ ಚೀಟಿ ಬರೆದು ಹೊರಗೆ ಕಳಿಸಲಿಲ್ಲ. ಇಲಿಗಳು ಪುಣ್ಯ ಮಾಡಿದ್ದವು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಕಳೆದ ಜುಲೈಯಲ್ಲಿ ನಮ್ಮ ಹೋಟೆಲಿನ ಕ್ಲೀನರ್ ಹುಡುಗನಿಗೆ ಜ್ವರ ಬಂತು. ಬೈಂದೂರು ಕಡೆಯವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಮಳೆಯಲ್ಲಿ ಮೊಣಕಾಲಿನವರೆಗೆ ನೀರು ತುಂಬಿದ ರಸ್ತೆ ದಾಟಿ ಬಂದಿದ್ದ. ಮೂರು ದಿನ ಮಲಗಿದ. ಕಣ್ಣು ಕೆಂಪಾಯಿತು, ಮೀನಖಂಡ ಮುಟ್ಟಿದರೆ ಅಯ್ಯೋ ಅನ್ನುತ್ತಿದ್ದ. ಮುಂಬೈ ಮಳೆಗಾಲದಲ್ಲಿ ಇದಕ್ಕೆ ಎಲ್ಲರ ಬಾಯಲ್ಲೂ ಬರುವ ಹೆಸರು ‘ಲೆಪ್ಟೊ’. ಇಲಿ ಉಚ್ಚೆ ನೀರಿಗೆ ಸೇರಿ, ಕಾಲಿನ ಗಾಯದಿಂದ ಒಳಗೆ ಹೋಗುವ ರೋಗ. ನೋಡಿ, ಇಲ್ಲಿಯೂ ಇಲಿಯೇ.

ಅವನನ್ನು ಕರೆದುಕೊಂಡು ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆ. ಯಾವುದು ಅಂತ ಕೇಳಬೇಡಿ, ಇನ್ನೊಮ್ಮೆ ಹೋಗಬೇಕಾಗುತ್ತದೆ. ಹತ್ತು ರೂಪಾಯಿಯ ಕೇಸ್ ಪೇಪರ್‌ಗೆ ಮುಕ್ಕಾಲು ಗಂಟೆ ಸಾಲು. ನನ್ನ ಹತ್ತಿರ ಇಪ್ಪತ್ತರ ನೋಟು ಇತ್ತು. ಕಿಟಕಿಯವನು ‘ಸುಟ್ಟೆ ದ್ಯಾ’ ಅಂದ. ಚಿಲ್ಲರೆ ಇಲ್ಲ ಅಂದೆ. ಹಾಗಾದರೆ ಪಕ್ಕಕ್ಕೆ ನಿಲ್ಲಿ ಅಂದ. ಹತ್ತು ರೂಪಾಯಿಯ ವಿಷಯದಲ್ಲಿ ಎಂಥ ಕಟ್ಟುನಿಟ್ಟು! ಸಿಟ್ಟು ಬರಲಿಲ್ಲ, ಸಂತೋಷವೇ ಆಯಿತು. ನಮ್ಮ ಜಾತಿಯವನು, ಲೆಕ್ಕದವನು.

ಡಾಕ್ಟರ್ ಒಬ್ಬ ಎಳೆಯ ಹುಡುಗಿ. ರಾತ್ರಿ ನಿದ್ದೆ ಮಾಡಿರಲಿಲ್ಲ ಅಂತ ಮುಖವೇ ಹೇಳುತ್ತಿತ್ತು. ಆದರೂ ಹುಡುಗನ ಕಾಲು ಮುಟ್ಟಿ, ಕಣ್ಣು ನೋಡಿ, ಊರು ಯಾವುದು ಅಂತ ಕೇಳಿ, ಐದು ಔಷಧಿ ಬರೆದಳು. ಅವಳ ಬಗ್ಗೆ ನನ್ನ ದೂರಿಲ್ಲ. ಐದರ ಚೀಟಿ ಹಿಡಿದು ಔಷಧಿ ಕಿಟಕಿಗೆ ಹೋದೆ. ಎರಡು ಕೊಟ್ಟರು. ಉಳಿದ ಮೂರರ ಮುಂದೆ ಕೆಂಪು ಪೆನ್ನಿನಲ್ಲಿ ಒಂದೊಂದು ಅಡ್ಡಗೆರೆ.

‘ಹೇ ಸ್ಟಾಕ್ ಮಧೇ ನಾಹಿ ಕಾಕಾ. ಬಾಹೇರೂನ್ ಘ್ಯಾ.’

ಬಾಹೇರೂನ್ ಘ್ಯಾ. ಹೊರಗೆ ತಗೊಳ್ಳಿ. ಮುಂಬೈಯಲ್ಲಿ ಯಾರಿಗೂ ಮರಾಠಿ ಬರುವುದಿಲ್ಲ ಅಂತ ಗಲಾಟೆ ಮಾಡುತ್ತಾರಲ್ಲ, ಈ ಎರಡು ಶಬ್ದ ಮಾತ್ರ ಕಲಬುರಗಿಯ ಗೌಂಡಿಯಿಂದ ಹಿಡಿದು ಕುಂದಾಪುರದ ಭಟ್ಟರವರೆಗೆ ಎಲ್ಲರಿಗೂ ಬಾಯಿಪಾಠ. ಆಸ್ಪತ್ರೆ ಗೇಟಿನ ಎದುರಿಗೇ ಮೆಡಿಕಲ್ ಅಂಗಡಿ. ಅಲ್ಲಿ ಮೂರೂ ಇತ್ತು. 640 ರೂಪಾಯಿ, ಬಿಲ್ ಸಮೇತ. ಬಿಲ್ಲನ್ನು ತಂದು ಹೋಟೆಲಿನ ಖಾತೆಯಲ್ಲಿ ಅಂಟಿಸಿದ್ದೇನೆ.

ತಮಾಷೆ ಏನೆಂದರೆ, ನಮ್ಮ ಪಾಲಿಕೆಯ ಹತ್ತಿರ ಇದಕ್ಕೆ ಒಂದು ಯೋಜನೆಯೇ ಇದೆ. 2024ರ ಹೊತ್ತಿಗೆ ಭಾರಿ ಸದ್ದು ಮಾಡಿದ್ದ ‘ಜೀರೋ ಪ್ರಿಸ್ಕ್ರಿಪ್ಷನ್’. ಅಂದರೆ ಇನ್ನು ಮುಂದೆ ಯಾವ ರೋಗಿಗೂ ಹೊರಗಿನ ಚೀಟಿ ಬರೆಯುವುದಿಲ್ಲ, ಎಲ್ಲ ಒಳಗೇ ಸಿಗುತ್ತದೆ ಅಂತ. ಮರುವರ್ಷ, 2025ರ ಜನವರಿಯಲ್ಲಿ, ಔಷಧಿ ಪೂರೈಸುವವರು ‘ಸುಮಾರು 120 ಕೋಟಿ ಬಾಕಿ ಕೊಟ್ಟಿಲ್ಲ, ಇನ್ನು ಮಾಲು ಕಳಿಸುವುದಿಲ್ಲ’ ಅಂತ ನೋಟಿಸ್ ಕೊಟ್ಟರು. ಹೋಟೆಲಿನ ಹಾಲಿನವನೂ ಹೀಗೇ ಮಾಡುತ್ತಾನೆ. ಆದರೆ ನಮ್ಮ ಶೆಟ್ಟರು ಹಾಲಿನವನಿಗೆ ಬಾಕಿ ಇಟ್ಟುಕೊಂಡು ಬಾಗಿಲಲ್ಲಿ ‘ಎಲ್ಲರಿಗೂ ಕಾಫಿ ಫ್ರೀ’ ಅಂತ ಬೋರ್ಡ್ ಹಾಕುವುದಿಲ್ಲ. ಅಷ್ಟೇ ವ್ಯತ್ಯಾಸ. ಹಾಗಂತ ದುಡ್ಡಿಲ್ಲ ಅನ್ನಬೇಡಿ. 2025-26ಕ್ಕೆ ಪಾಲಿಕೆಯ ಬಜೆಟ್ 74,427 ಕೋಟಿ. ಪಕ್ಕದ ಗೋವಾ ಒಂದು ಇಡೀ ರಾಜ್ಯ, ಅದರ ಬಜೆಟ್ಟೂ ಇಷ್ಟಿಲ್ಲ.

ಇನ್ನು ದೊಡ್ಡ ಲೆಕ್ಕಕ್ಕೆ ಬರೋಣ. ಅದಕ್ಕೆ ಮೊದಲು ಪುನಃ ಸ್ವಲ್ಪ ಇಲಿ.

1896ರ ಸೆಪ್ಟೆಂಬರ್‌ನಲ್ಲಿ ಇದೇ ಮುಂಬೈಯ ಮಾಂಡ್ವಿ ಕಡೆ ಜನ ಜ್ವರ ಬಂದು, ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸಾಯತೊಡಗಿದರು. ಇದು ಪ್ಲೇಗ್ ಅಂತ ಗುರುತಿಸಿದವರು ಗೋವಾ ಮೂಲದ ಡಾ. ಅಕಾಸಿಯೊ ವಿಯೆಗಾಸ್. ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಬ್ರಿಟಿಷರು ಗಾಬರಿಬಿದ್ದು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಆಗ ಅದರಲ್ಲಿ ಇದ್ದದ್ದು ನಾಲ್ಕೇ ಕಲಂ, ಹೋಟೆಲಿನ ಮೆನುಗಿಂತ ಚಿಕ್ಕದು. ನಾಲ್ಕನೆಯ ಕಲಂ ಹೇಳುವುದಿಷ್ಟು: ಈ ಕಾಯ್ದೆಯಡಿ ಸದುದ್ದೇಶದಿಂದ ಏನು ಮಾಡಿದರೂ ಯಾರ ಮೇಲೂ ದಾವೆ ಹಾಕುವಂತಿಲ್ಲ. ಪಾಪ, ಆಗಿನ್ನೂ ಇಲಿಯ ಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಅಂತ ಪತ್ತೆಯಾಗಿರಲಿಲ್ಲ. ಅದು 1898ರ ಮಾತು. ಆರೋಪಿ ಸಿಗುವ ಮೊದಲೇ ಕಾನೂನು ಬಂತು.

ಇಲಿಯಿಂದ ಹುಟ್ಟಿದ ಆ ಕಾನೂನು 125 ವರ್ಷ ಆದ ಮೇಲೆ ಯಾವ ಬಿಲದಿಂದ ಹೊರಬಂತು ನೋಡಿ. 2022ರಲ್ಲಿ ಮಹಾರಾಷ್ಟ್ರ ಸರ್ಕಾರ, ಮುಂಬೈ ಪಾಲಿಕೆಯ ಸುಮಾರು 12,000 ಕೋಟಿ ಖರ್ಚಿನ ಲೆಕ್ಕ ಪರಿಶೀಲಿಸಿ ಅಂತ ಸರ್ಕಾರಿ ಖರ್ಚಿನ ಆಡಿಟ್ ಮಾಡುವ ಸಿಎಜಿಗೆ ಕೇಳಿಕೊಂಡಿತು. ಆಡಿಟ್‌ನವರು ಬಂದರು. ಕೋವಿಡ್ ಕಾಲದ 3,538.73 ಕೋಟಿಯ ಕಡತ ಕೊಡಿ ಅಂದರು. ಪಾಲಿಕೆ 1897ರ ಕಾಯ್ದೆ ತೋರಿಸಿತು. ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನೂ ತೋರಿಸಿತು. ಮಹಾಮಾರಿಯ ಕಾಲದ ಖರ್ಚು, ಕೊಡಲಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ವರದಿ ವಿಧಾನಸಭೆಗೆ ಬಂತು, ಆ ಭಾಗ ಬಿಟ್ಟು. ಉಳಿದ ಭಾಗದಲ್ಲಿ ರಸ್ತೆ ಇತ್ಯಾದಿಗಳ ಲೆಕ್ಕ: ಟೆಂಡರ್ ಇಲ್ಲದೆ ಕೊಟ್ಟ 20 ಕಾಮಗಾರಿಗಳು 214.48 ಕೋಟಿಗೆ, ಕರಾರುಪತ್ರವೇ ಆಗದ ಕೆಲಸಗಳು 4,755.94 ಕೋಟಿಗೆ. ತೋರಿಸಿದ ಲೆಕ್ಕವೇ ಹೀಗಿದ್ದರೆ ತೋರಿಸದ್ದು ಹೇಗಿರಬಹುದು, ನನಗಂತೂ ಊಹೆ ಮಾಡುವ ಧೈರ್ಯ ಇಲ್ಲ.

ಲೆಕ್ಕ ಕೇಳಿದವರ ಮನಸ್ಸೂ ಅಷ್ಟೇನು ಮಡಿ ಅಲ್ಲ ಬಿಡಿ. ಹಿಂದಿನ ಸರ್ಕಾರದ ಹುಳುಕು ಬೇಕಿತ್ತು. ಆದರೆ ಇದರಲ್ಲಿ ಒಂದು ಮಜಾ ಇದೆ. 2022ರ ಮಾರ್ಚ್‌ಗೇ ಪಾಲಿಕೆಯ ನಗರಸೇವಕರ, ಅಂದರೆ ಕಾರ್ಪೊರೇಟರುಗಳ, ಅವಧಿ ಮುಗಿದಿತ್ತು. ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ಹತ್ತಿರ ಹತ್ತಿರ ನಾಲ್ಕು ವರ್ಷ ಕಾರುಬಾರು ನಡೆಸಿದ್ದು ರಾಜ್ಯ ಸರ್ಕಾರವೇ ಕೂರಿಸಿದ ಆಡಳಿತಾಧಿಕಾರಿ. ಅಂದರೆ ಲೆಕ್ಕ ತೋರಿಸು ಅಂದದ್ದೂ ಸರ್ಕಾರ, ತೋರಿಸುವುದಿಲ್ಲ ಅಂದದ್ದೂ ಸರ್ಕಾರ ನೇಮಿಸಿದ ಮನುಷ್ಯ. ನಮ್ಮ ಶೆಟ್ಟರು ಬಲಗೈಯಿಂದ ಗಲ್ಲಾ ತೆರೆಯಲು ಹೋಗಿ, ಎಡಗೈಯಿಂದ ತಾವೇ ಮುಚ್ಚಿ ಹಿಡಿದ ಹಾಗೆ.

ಆ ನಾಲ್ಕು ವರ್ಷದ ಬಜೆಟ್‌ಗಳೂ ಹಾಗೇ. ಕಮಿಷನರೂ ಅವರೇ, ಆಡಳಿತಾಧಿಕಾರಿಯೂ ಅವರೇ. ಒಂದು ಕುರ್ಚಿಯಲ್ಲಿ ಕೂತು ‘ಇಷ್ಟು ಕೋಟಿ ಬೇಕು’ ಅಂತ ಬರೆಯುವುದು, ಎದ್ದು ಇನ್ನೊಂದು ಕುರ್ಚಿಯಲ್ಲಿ ಕೂತು ‘ಆಯಿತು’ ಅಂತ ಸಹಿ ಹಾಕುವುದು. ಸ್ಥಾಯಿ ಸಮಿತಿಯ ಗಲಾಟೆ ಇಲ್ಲ, ಮೈಕ್ ಕಿತ್ತುಕೊಳ್ಳುವುದಿಲ್ಲ. ಒಂದೇ ತೊಂದರೆ ಅಂದರೆ ಎದ್ದು ಕೂತು ಮೊಣಕಾಲು ನೋವು. ಅದಕ್ಕೂ ಮಾತ್ರೆ ಬಾಹೇರೂನ್ ಘ್ಯಾ.

3,538.73 ಕೋಟಿ ಅಂದರೆ ಎಷ್ಟು ಅಂತ ಶೆಟ್ಟರು ಕೇಳಿದರು. ಹತ್ತು ರೂಪಾಯಿಯ ಕೇಸ್ ಪೇಪರ್ ಲೆಕ್ಕದಲ್ಲಿ ಹೇಳಿದೆ. ಸುಮಾರು 354 ಕೋಟಿ ಕೇಸ್ ಪೇಪರ್. ದೇಶದ ಎಲ್ಲರೂ ಎರಡೆರಡು ಸಲ ಆ ಕಿಟಕಿಯ ಎದುರು ನಿಂತರೂ ಮುಗಿಯದು. ಅದೂ ಎಲ್ಲರೂ ಚಿಲ್ಲರೆ ತಂದರೆ.

ಶೆಟ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರಿಗೆ ಲಾಕ್‌ಡೌನ್ ನೆನಪಾಯಿತು ಅಂತ ಕಾಣುತ್ತದೆ. ಆಗ ನಮ್ಮ ಹೋಟೆಲಿನ ಬಾಗಿಲು ಅರ್ಧ ಎಳೆದುಕೊಂಡು, ಉಳಿದ ನಾಲ್ಕು ಹುಡುಗರೇ ದಿನಕ್ಕೆ 200 ಪೊಟ್ಟಣ ಚಿತ್ರಾನ್ನ ಕಟ್ಟಿ ಹಂಚುತ್ತಿದ್ದರು. ಧರ್ಮಕ್ಕೆ ಕೊಟ್ಟದ್ದು, ಆದರೂ ಪೊಟ್ಟಣ ಪೊಟ್ಟಣ ಬರೆದಿಟ್ಟಿದ್ದೇನೆ. ಒಂದು ದಿನ ಸಾಸಿವೆ ಇರಲಿಲ್ಲ, ಅದನ್ನೂ ಬರೆದಿದ್ದೇನೆ. ಅದೇ ಲಾಕ್‌ಡೌನಿನಲ್ಲಿ ವಲಸೆ ಕಾರ್ಮಿಕರಿಗೆ ಹಂಚಲು ಪಾಲಿಕೆ ಕೊಟ್ಟ ಖಿಚಡಿ ಗುತ್ತಿಗೆಯ ವಿಷಯದಲ್ಲಿ ಪೊಲೀಸರು 2023ರಲ್ಲಿ ಕೇಸ್ ಹಾಕಿದ್ದಾರೆ. 300 ಗ್ರಾಂ ಇರಬೇಕಾದ ಪೊಟ್ಟಣದಲ್ಲಿ ಅಷ್ಟು ಇರಲಿಲ್ಲ ಎಂಬುದು ಆರೋಪ. ಕೋರ್ಟು ನೋಡಿಕೊಳ್ಳಲಿ. ಹೋಟೆಲ್ ಜನಕ್ಕೆ ಮಾತ್ರ ಕೈಯಲ್ಲಿ ಎತ್ತಿ ನೋಡಿದರೆ ಗ್ರಾಂ ಗೊತ್ತಾಗುತ್ತದೆ.

‘ಹಾಗಾದರೆ,’ ಶೆಟ್ಟರು ಕೊನೆಗೆ ಬಾಯಿಬಿಟ್ಟರು, ‘ಜಿಎಸ್‌ಟಿಯವರು ಬಂದರೆ ನಾವೂ ಹಾಗೇ ಹೇಳಬಹುದಲ್ವಾ? ಭಾನುವಾರ ಬೆಳಿಗ್ಗೆ ಭಾರಿ ರಶ್ ಇತ್ತು, ಆ ಹೊತ್ತಿನ ಲೆಕ್ಕ ತೋರಿಸುವುದಿಲ್ಲ ಅಂತ?’

‘ಹೇಳಬಹುದು ಶೆಟ್ಟರೆ. ನೀವು ಹೇಳಿ. ನಾನು ಆ ದಿನ ಊರಿಗೆ ಹೋಗಿರುತ್ತೇನೆ.’

ನಗಬೇಡಿ, ಶೆಟ್ಟರು ಇದನ್ನು ಮಾಡಿಯೇ ನೋಡಿದರು. ಜಿಎಸ್‌ಟಿಯವರ ಹತ್ತಿರ ಅಲ್ಲ, ಅಷ್ಟು ಧೈರ್ಯ ಇಲ್ಲ. ಹೋದ ತಿಂಗಳು ಹೋಟೆಲ್ ತಪಾಸಣೆಗೆ ಒಬ್ಬರು ಸಾಹೇಬರು ಬಂದರು. ಯಾವ ಇಲಾಖೆ ಅಂತ ಹೇಳುವುದಿಲ್ಲ, ಲೈಸೆನ್ಸ್ ರಿನ್ಯೂ ಆಗಬೇಕಲ್ಲ. ಅಡುಗೆಮನೆಗೆ ಹೋದರು, ಗ್ರೈಂಡರ್ ಹಿಂದೆ ಟಾರ್ಚ್ ಬಿಟ್ಟರು, ಹುಡುಗರ ಉಗುರು ನೋಡಿದರು. ಪೆಸ್ಟ್ ಕಂಟ್ರೋಲ್ ಮಾಡಿಸಿದ ಸರ್ಟಿಫಿಕೇಟ್ ಎಲ್ಲಿ ಅಂದರು. ಮಾರ್ಚ್‌ದು ಇತ್ತು, ಏಪ್ರಿಲ್‌ದು ಇತ್ತು, ಮೇ ತಿಂಗಳದ್ದು ಕಾಣಲಿಲ್ಲ.

‘ಮೇ ತಿಂಗಳದ್ದು ಎಲ್ಲಿ?’

ಶೆಟ್ಟರು ಗಂಟಲು ಸರಿ ಮಾಡಿಕೊಂಡರು. ‘ಸಾಹೇಬ್, ಮೇ ತಿಂಗಳಲ್ಲಿ ಊರೆಲ್ಲ ಜ್ವರ ಇತ್ತು. 1897ರ ಕಾಯ್ದೆ ಪ್ರಕಾರ ಆ ತಿಂಗಳ ಕಾಗದ ತೋರಿಸುವ ಹಾಗಿಲ್ಲ.’

ಸಾಹೇಬರು ನಗಲಿಲ್ಲ. ನಾನು ಡ್ರಾಯರ್ ಎಳೆದು, ಜಿಎಸ್‌ಟಿ ಚಲನ್‌ಗಳ ಅಡಿಯಲ್ಲಿದ್ದ ಸರ್ಟಿಫಿಕೇಟ್ ತೆಗೆದು ಕೊಟ್ಟೆ. ಅದರ ಒಂದು ಮೂಲೆ ಇಲಿ ತಿಂದಿತ್ತು. ಸಾಹೇಬರು ತುಂಬಾ ಹೊತ್ತು ಆ ಮೂಲೆಯನ್ನೇ ನೋಡಿದರು. ಆಮೇಲೆ ಫ್ಯಾನ್ ಕೆಳಗಿನ ಟೇಬಲ್ಲಿಗೆ ಹೋಗಿ ಕೂತರು. ಎರಡು ಬನ್ಸ್ ತಿಂದರು, ಒಂದು ಫಿಲ್ಟರ್ ಕಾಫಿ ಕುಡಿದರು, ಇನ್ನೊಂದಕ್ಕೆ ಹೇಳಿದರು. ಮನೆಗೆ ಅಂತ ಆರು ಬನ್ಸ್ ಕಟ್ಟಿಸಿಕೊಂಡು, ಗಲ್ಲಾದ ಕಡೆ ನೋಡದೆ ಹೊರಟುಹೋದರು.

ರಾತ್ರಿ ಲೆಕ್ಕ ತಾಳೆ ಆಗಲಿಲ್ಲ.

‘ಎಂಟು ಬನ್ಸ್, ಎರಡು ಕಾಫಿ,’ ಅಂದೆ. ‘ಯಾವ ಖಾತೆಗೆ ಬರೆಯಲಿ?’

ಶೆಟ್ಟರು ಶಟರ್ ಎಳೆಯುತ್ತಿದ್ದರು. ತಿರುಗಿ ನೋಡದೆ ಹೇಳಿದರು: ‘ಸದುದ್ದೇಶ ಅಂತ ಬರೀರಿ ಮಾರಾಯ್ರೆ. ನಡೀರಿ, ಲೋಕಲ್ ತಪ್ಪುತ್ತದೆ.’